ತಟ್ಟಿ ಕೇಳುವುದು

ಗದಗ ರೋಡಿನ ಕ್ವಾರ್ಟರ್ಸಿನ ಅಂಗಳದಲ್ಲಿ
ಸ್ಕೂಟರ್ ನಿಲ್ಲಿಸಿ ಕೀಲಿ ತಿರುವಿದ ಮೇಲೂ
ಅದು ಸುಮ್ಮನಾಗುವುದಿಲ್ಲ.
ಟಿಕ್. ಸ್ವಲ್ಪ ತಡೆದು, ಟಿಕ್ ಟಿಕ್.
‘ಅವ್ವಾ, ಒಳಗ ಯಾರೋ ಅದಾರ’ ಅಂತಾಳೆ ಮಗಳು,
ಸೈಲೆನ್ಸರಿಗೆ ಕಿವಿ ಹಚ್ಚಲು ಹೋಗಿ
ಬೈಸಿಕೊಳ್ಳುತ್ತಾಳೆ.

ಯಾರೂ ಇಲ್ಲ ಒಳಗೆ.
ಕಾದ ಕೊಳವೆ ಕೂದಲೆಳೆಯಷ್ಟು ಉದ್ದವಾಗಿತ್ತು,
ಅದನ್ನು ಬಿಗಿದ ಪಟ್ಟಿ ಅಷ್ಟು ಕಾದಿರಲಿಲ್ಲ.
ಈಗ ಎರಡೂ ತಮ್ಮ ತಮ್ಮ ಅಳತೆಗೆ ಮರಳಬೇಕು,
ಒಂದಕ್ಕೆ ಅವಸರ, ಒಂದಕ್ಕೆ ಇಲ್ಲ.
ಬೋಲ್ಟಿನ ಕೆಳಗೆ ತುಸು ಜಾರಿ, ಸಿಕ್ಕಿಕೊಂಡು,
ತಡೆಯುವಷ್ಟು ತಡೆದು
ಬಿಡುತ್ತದೆ. ಟಿಕ್ ಅಂದರೆ ಅಷ್ಟೇ.
ಇಷ್ಟೆಲ್ಲ ಹೇಳಿದ ಮೇಲೆ ಐದು ವರ್ಷದವಳು
‘ಹಂಗಾರ ಅದಕ್ಕ ನೋವಾಗತೈತೇನು?’ ಅಂತಾಳೆ.
ನಮ್ಮ ಕೈಪಿಡಿಯಲ್ಲಿ ಈ ಪುಟವಿಲ್ಲ.

ನಾನು ವರ್ಕ್‌ಶಾಪು ಸೇರಿದ ವರ್ಷ
ದಸ್ತಗೀರಸಾಬ ನದಾಫ್ ಇನ್ನೂ ನೌಕರಿಯಲ್ಲಿದ್ದರು.
ಉದ್ದ ಹಿಡಿಕೆಯ ಸಣ್ಣ ಸುತ್ತಿಗೆ,
ಹೆಗಲ ಮೇಲೆ ಎಣ್ಣೆ ಕುಡಿದ ಟಾವೆಲ್ಲು.
ಗಾಲಿಯಿಂದ ಗಾಲಿಗೆ ಒಂದೊಂದೇ ಏಟು.
ಠಣ್ ಎಂದು ದನಿ ಹಳಿಯಾಚೆಗೂ ಹೋದರೆ
ಮುಂದಿನದು.
ಒಮ್ಮೆ ಸಾಲಿನ ಹನ್ನೊಂದನೆಯದು
ಬದ್ ಅಂತು, ಒದ್ದೆ ಗೋಣಿಗೆ ಹೊಡೆದಂತೆ.
ಟಾರ್ಚು ಹಿಡಿದೆ, ಬೆರಳಾಡಿಸಿದೆ, ಏನೂ ಇಲ್ಲ.
‘ಕಣ್ಣಿಗ್ಯಾಕ ತ್ರಾಸ ಕೊಡ್ತಿ, ತಂಗಿ?
ನಡುವ ಎಲ್ಲೋ ಮಾತು ಕಡದೈತಿ.’
ಸೀಮೆಎಣ್ಣೆ ಹಚ್ಚಿ, ಒರೆಸಿ, ಸುಣ್ಣ ಸವರಿ ಕಾಯ್ದೆವು.
ಚಹಾ ಮುಗಿಯುವಷ್ಟರಲ್ಲಿ ಬಿಳಿಯ ಮೇಲೆ ಮೂಡಿತು
ಎರಡು ಬೆರಳಗಲದ ಒದ್ದೆ ಗೆರೆ.

ಇಡಿಯಾಗಿದ್ದರೆ ನಡುಕ
ಗಾಲಿಯ ತುಂಬ ಸುತ್ತಿ ಸುತ್ತಿ ಬರುತ್ತದೆ,
ಅದನ್ನೇ ನಾವು ನಾದ ಅನ್ನುವುದು.
ಸೀಳಿದ್ದರೆ ಸೀಳಿನ ಎರಡು ತುಟಿ
ಒಂದಕ್ಕೊಂದು ತಿಕ್ಕಿ, ಅಲ್ಲೇ
ಯಾರಿಗೂ ತಿಳಿಯದಷ್ಟು ಬೆಚ್ಚಗಾಗಿ
ಮುಗಿದುಹೋಗುತ್ತದೆ ಅದು.

ದುರ್ಗದಬೈಲಿನ ಭಾಂಡೆ ಅಂಗಡಿಯವರು
ಅವರನ್ನು ದೂರದಿಂದ ಕಂಡೇ ಗೊಣಗುತ್ತಿದ್ದರು.
ಹನ್ನೆರಡು ಕೊಡ ಬೆರಳ ಗಿಣ್ಣಿನಿಂದ ಬಡಿದು
ಹದಿಮೂರನೆಯದು ಬೇಡ ಅಂದವರಲ್ಲವೆ?
‘ಚಾಚಾ, ನಿಮಗ ಕೊಡ ಬೇಕೋ, ಗಂಟಿ ಬೇಕೋ?’

ಈಗ ನನ್ನ ಕೈಯಲ್ಲಿ ಡಬ್ಬಿಯಂಥ ಯಂತ್ರ.
ಅದೂ ಕೂಗುತ್ತದೆ, ಆದರೆ ಮನುಷ್ಯರ ಕಿವಿಗಲ್ಲ.
ಬಿರುಕಿಗೆ ಬಡಿದು ಮರಳಿದ ದನಿ
ಪರದೆಯ ಮೇಲೆ ಹಸಿರು ಮುಳ್ಳಾಗಿ ಏಳುತ್ತದೆ.
ಮಿಲಿಮೀಟರು ಬರೆದುಕೊಂಡು, ಸಹಿ ಹಾಕಿ,
ಯಾರೂ ನೋಡದಾಗ
ಸ್ಪ್ಯಾನರಿನಿಂದ ಒಮ್ಮೆ ತಟ್ಟುತ್ತೇನೆ.

ಕಳೆದ ಏಪ್ರಿಲ್‌ನಲ್ಲಿ ಮಂಟೂರ ರೋಡಿಗೆ ಹೋಗಿದ್ದೆವು.
ಮೂವತ್ತೆಂಟು ವರ್ಷದ ರಿವೆಟ್ಟಿನ ಸದ್ದು
ಅವರ ಎರಡೂ ಕಿವಿಗಳನ್ನು ತಿಂದು ಮುಗಿಸಿದೆ.
ಹೊತ್ತು ಇಳಿದು ತಗಡಿನ ಮಾಡು ತಣಿಯುತ್ತ
ಡಬ್, ಡಬಾರ್ ಎಂದು ಮೈಮುರಿಯುತ್ತಿತ್ತು.
ನನ್ನ ಮಗಳು ಬೆಚ್ಚಿದ್ದನ್ನು ಕಂಡು
ಅವರು ಎದ್ದು, ಮೂಲೆಯ ಸುತ್ತಿಗೆ ತಂದು
ಹಿಡಿಕೆಯ ತುದಿ ಹಲ್ಲಲ್ಲಿ ಕಚ್ಚಿ
ತಲೆಯನ್ನು ಕಬ್ಬಿಣದ ಕಂಬಕ್ಕೆ ಒತ್ತಿ
ನಿಂತರು, ಕಣ್ಣು ಮುಚ್ಚಿ.
‘ಮೂರನೇ ಶೀಟು’ ಅಂದರು ಹಿಡಿಕೆ ತೆಗೆದು,
‘ಸ್ಕ್ರೂ ಸಡ್ಲ ಆಗೇತಿ.’
ಸೊಸೆ ಮಾಬೂಬಿ ನಕ್ಕಳು:
‘ದಿನಾ ಹಿಂಗ. ನಾ ಕರದ್ರ ಮಾತ್ರ ಕೇಳಸೂದಿಲ್ಲ.’

ಇವತ್ತು ಸಂಜೆ ಮತ್ತೆ ಸ್ಕೂಟರಿನ ಪಕ್ಕ
ಮೊಣಕಾಲೂರಿ ಕೂತಿದ್ದಾಳೆ ಇವಳು,
ಸ್ಟೀಲಿನ ಉದ್ದನೆಯ ಸೌಟು ಹಲ್ಲಲ್ಲಿ,
ಅದರ ಇನ್ನೊಂದು ತುದಿ ಸೈಲೆನ್ಸರಿನ ಮೇಲೆ.
ಟಿಕ್.
ಹುಬ್ಬು ಮೇಲೇರಿತು.
ಏನು ಕೇಳಿತು ಎಂದು ನಾನು ಕೇಳಲಿಲ್ಲ.
ಬಾಯಿ ತುಂಬ ಸೌಟಿತ್ತು,
ಮತ್ತೆ, ಇನ್ನೂ ಪೂರ್ತಿ ತಣಿದಿರಲಿಲ್ಲ.