ಚಿಲಕ

ಮೇ ಮುಗಿಯುವ ವಾರ. ದಾಖಲಾತಿ ಆಂದೋಲನ.
ಇಳಕಲ್ಲಿನ ಓಣಿ ಓಣಿ ತಿರುಗುತ್ತಿದ್ದೇನೆ,
ಕೊರಳಲ್ಲಿ ಇಲಾಖೆಯ ಗುರುತಿನ ಚೀಟಿ,
ಬಗಲಲ್ಲಿ ಕರಪತ್ರದ ಕಟ್ಟು,
ಹಿಂದೆ ಒಬ್ಬರೇ ಶಿಕ್ಷಕರು, ಒಂದು ಬ್ಯಾನರು.
ಅದರ ಇನ್ನೊಂದು ತುದಿ ಹಿಡಿಯುವವರಿಲ್ಲದೆ ಜೋತಿದೆ.

ಚೌಡವ್ವನ ಮನೆಯಲ್ಲಿ ಮಗ್ಗ ನಿಲ್ಲಲಿಲ್ಲ.
ಕುಣಿಯಲ್ಲಿ ಕಾಲು ಇಳಿಬಿಟ್ಟವಳು
ಕುಂತಲ್ಲಿಂದಲೇ, "ಬರ್ರಿ ಬಾಯಾರ, ಚಾಪಿ ಹಾಸೈತಿ."
ಶುರು ಮಾಡಿದೆ: ಪುಸ್ತಕ ಪುಕ್ಕಟೆ, ಸಮವಸ್ತ್ರ ಪುಕ್ಕಟೆ,
ಬಿಸಿಯೂಟ, ಹಾಲು, ಮೊಟ್ಟೆ,
ಮೊಟ್ಟೆ ಬೇಡವಾದರೆ ಬಾಳೆಹಣ್ಣು,
ನುರಿತ ಶಿಕ್ಷಕರು.
ಲಾಳಿ ಅತ್ತ ಹೋಯಿತು, ಇತ್ತ ಬಂತು,
ನನ್ನ ಒಂದೊಂದು ಮಾತಿಗೂ ಹೂಂಗುಟ್ಟಿದ ಹಾಗೆ.

ಕೇಳುತ್ತಾಳೆಂದು ಗೊತ್ತಿತ್ತು.
ಉತ್ತರ ಇಟ್ಟುಕೊಂಡೇ ಬಂದಿದ್ದೆ:
ವರ್ಗಾವಣೆ ಆಗುತ್ತಿರುತ್ತದೆ ನೋಡಿ, ಊರಿಂದೂರಿಗೆ...
ಅವಳು ಕೇಳಲಿಲ್ಲ.
"ನಿಮ್ಮ ಹುಡುಗಿ ಭಾಳ ಚಲೋ ಐತ್ರಿ," ಅಂದಳು.
"ಹಳದಿ ಬಸ್ಸಿನ್ಯಾಗ ಮೂರನೇ ಕಿಡಕಿ.
ಸಾಲಿ ಇದ್ದಾಗ ದಿನಾ ನಮ್ಮ ರೇಣಿಗಿ ಕೈ ಮಾಡತೈತಿ.
ಮೂಗು ಥೇಟ್ ನಿಮ್ಮದ."

ಲಾಳಿ ಆಗ ನಿಂತಿತು.
ನೂಲು ಹರಿದಿತ್ತು, ಬೇರೆ ಕಾರಣವಿಲ್ಲ.
ಎಂಜಲು ಹಚ್ಚಿ, ಹೊಸೆದು, ಕೂಡಿಸಿದಳು.

ನಾನೂ ಸರ್ಕಾರಿ ಶಾಲೆಯವಳೇ, ಗುಳೇದಗುಡ್ಡದಲ್ಲಿ.
ಸಾಬಣ್ಣ ಮಾಸ್ತರರ ಮಗ ನನ್ನ ಬಾಜೂ ಕೂರುತ್ತಿದ್ದ,
ಅಪ್ಪನ ಬೆತ್ತದಲ್ಲಿ ನನಗಿಂತ ಎರಡೇಟು ಹೆಚ್ಚೇ ತಿನ್ನುತ್ತಿದ್ದ.
ಅದನ್ನು ಯಾರೂ ಆದರ್ಶ ಅನ್ನಲಿಲ್ಲ.
ನಮ್ಮ ಓಣಿಗೆ ಇದ್ದದ್ದು ಅದೊಂದೇ ಶಾಲೆ.

"ಅಧಿಕಾರಿ ಬೇರೆ, ತಾಯಿ ಬೇರೆ," ಅನ್ನುತ್ತಾರೆ ಯಜಮಾನರು,
ಮಗಳ ಟೈ ಸರಿಮಾಡುತ್ತ.
ಇರಬಹುದು.
ಇಳಕಲ್ಲ ಸೀರೆಗೂ ಮೈ ಹತ್ತಿ, ಸೆರಗು ರೇಷ್ಮೆ.
ಆದರೆ ಅಲ್ಲಿ ಕೊಂಡಿ ಹಾಕುತ್ತಾರೆ, ಎಳೆಗೆ ಎಳೆ.
ನನಗೆ ಯಾರೂ ಹಾಕಿಲ್ಲ.

ತೊಂದರೆ ಏನೆಂದರೆ ನನಗೆ ಗೊತ್ತಿರುವುದು.
ಐದು ತರಗತಿಗೆ ಇಬ್ಬರು,
ಅದರಲ್ಲೊಬ್ಬರು ಸದಾ ಸರ್ವೆ, ಚುನಾವಣೆ, ಮೀಟಿಂಗು.
ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ,
ಒಬ್ಬಳು ಒಳಗೆ, ಗೆಳತಿ ಹೊರಗೆ ಬಾಗಿಲು ಹಿಡಿದು.
ಮೂರು ವರ್ಷದಿಂದ ಆ ಸಾಲು ನನ್ನ ವರದಿಯಲ್ಲಿದೆ,
ಪಕ್ಕದಲ್ಲಿ ನನ್ನದೇ ಅಕ್ಷರ: ಕ್ರಮ ವಹಿಸಲಾಗುವುದು.
ನನ್ನ ಮಗಳು ಅಲ್ಲಿ ಒಂದು ದಿನ ಓದಿದ್ದರೆ
ಎಂಟು ದಿನದಾಗ ಚಿಲಕ ಬರತಿತ್ತು.
ನನಗ ಗೊತ್ತೈತಿ. ಬರತಿತ್ತು.

ಹಾಗಂತ ಏಳು ವರ್ಷದ ಕೂಸನ್ನು
ಚಿಲಕ ತರುವ ಅರ್ಜಿ ಮಾಡಬೇಕೇ ನಾನು?
ಮಾಡಬಾರದು ಎಂದರೆ
ರೇಣಿ ಯಾವುದರ ಅರ್ಜಿ?

"ಹೆಸರು ಬರಕೋರಿ," ಅಂದಳು ಚೌಡವ್ವ,
"ಬಸ್ಸಿನ ರೊಕ್ಕ ನಮಗ ನೀಗೂದಿಲ್ಲ."
ಹೆಬ್ಬೆಟ್ಟಿಗೆಂದು ಮಸಿ ಡಬ್ಬಿ ತೆಗೆದೆ.
ನನ್ನ ಕೈಯಿಂದ ಪೆನ್ನು ಇಸಿದುಕೊಂಡು
ದುಂಡಗೆ ಸಹಿ ಮಾಡಿದಳು.
"ಮೂರನೇ ಇಯತ್ತೆ ತನಕ ಕಲತೀನ್ರಿ, ಅದ ಸಾಲ್ಯಾಗ.
ಆಗ ಪಾಯಖಾನಿನ ಇರಲಿಲ್ಲ ಬಿಡ್ರಿ,
ಈಗ ಬಾಗಲರ ಐತಿ."

ಜೂನಿನಲ್ಲಿ ಚಿಲಕ ನಾನೇ ಕೊಂಡೆ.
ಎಂಬತ್ತು ರೂಪಾಯಿ, ನಾಲ್ಕು ಸ್ಕ್ರೂ ಸಮೇತ.
ಹೆಡ್‌ಮಾಸ್ತರರು ಫೋಟೋ ತೆಗೆಸಿದರು:
ನಾನು, ಬಾಗಿಲು, ಚಿಲಕ, ಹೊಸ ಸಮವಸ್ತ್ರದ ರೇಣಿ.
ಗ್ರೂಪಿಗೆ ಹಾಕಿದರು: "ಮೇಡಮ್ಮನವರ ಶಿಕ್ಷಣ ಪ್ರೇಮ."
ಮಧ್ಯಾಹ್ನದೊಳಗೆ ಅರವತ್ಮೂರು ಜೋಡಿ ಮುಗಿದ ಕೈ.

ರಾತ್ರಿ, ಮಗಳು ಮಲಗಿದ ಮೇಲೆ,
ಫೋಟೋ ದೊಡ್ಡದು ಮಾಡಿ ನೋಡಿದೆ.
ರೇಣಿ ಕ್ಯಾಮೆರಾ ಕಡೆ ನೋಡಿಯೇ ಇಲ್ಲ.
ಕಾಂಪೌಂಡಿನಾಚೆ, ಅಂಚಿನಲ್ಲಿ, ಅರ್ಧ ಹಳದಿ.
ಅವಳ ಒಂದು ಕೈ ಮೇಲಿದೆ.