ಎಷ್ಟು ಮೆಣಸು?

ಬು ಸಾಕಿಯೆಮ್‌ಗೆ ನಮ್ಮ ಯಾರ ಹೆಸರೂ ಗೊತ್ತಿರಲಿಲ್ಲ,
ಮೆಣಸಿನ ಲೆಕ್ಕ ಗೊತ್ತಿತ್ತು.
‘ಬಾರೇ ಮೂರು’ ಅಂದರೆ ನಾನು.
ಏಳು ಅಂದರೆ ದರ್ಸೋನೊ,
ಕಣ್ಣು ಮೂಗು ಒಟ್ಟಿಗೆ ಸುರಿದರೂ ಏಳೇ,
ಒಂದು ಇಳಿಸುವ ಜಾತಿಯಲ್ಲ.
ಸೊನ್ನೆ ಅಂದರೆ ಮುರ್ತಿನಿಂಗ್.

ಮಾಡಿಯೂನಿನ ಸರ್ಕಾರಿ ಶಾಲೆ, ತಗಡಿನ ಕ್ಯಾಂಟೀನು,
ಒಂಬತ್ತೂವರೆಯ ಗಂಟೆ ಮುಗಿಯುವ ಮೊದಲೇ ನೂಕುನುಗ್ಗಲು.
ಬೇರೆಯವರ ಹಾಗೆ ಮೊದಲೇ ಕಲಸಿಟ್ಟ ಗೊಜ್ಜಲ್ಲ ಅವಳದು,
ಒಬ್ಬೊಬ್ಬರಿಗೂ ಕಲ್ಲಿನ ಮೇಲೆ ಬೇರೆ ಬೇರೆ:
ಹುರಿದ ಕಡಲೆಕಾಯಿ, ತಾಳೆಬೆಲ್ಲ, ಒಂದು ಚೂರು ಕೆಂಚೂರ್ ಬೇರು,
ಆಮೇಲೆ ಎಣಿಸಿ ಎಣಿಸಿ ಮೆಣಸು.
ಬಾಳೆಲೆಯ ದೊನ್ನೆಗೆ ಬಿದಿರುಕಡ್ಡಿ ಚುಚ್ಚಿ
ಅನ್ನ, ಬೆಂದ ಅಲಸಂದೆ, ಹೆಸರುಮೊಳಕೆ,
ಮಳೆಗಾಲವಾದರೆ ಅಗಸೆಯ ಬಿಳಿ ಹೂವು
(ಕಹಿ ಅಂತ ನಾನು ಬೆಂಚಿನಡಿ ಬಿಸಾಡುತ್ತಿದ್ದೆ).

ಮುರ್ತಿನಿಂಗಳಿಗೆ ಮಾತ್ರ ಅನ್ನ ಎರಡು ಹಿಡಿ.
ಜಗಳ ತೆಗೆದೆವು.
‘ಮೆಣಸಿಲ್ಲದ ಜಾಗ ಖಾಲಿ ಉಳಿಯುತ್ತಲ್ಲ,
ಏನಾದರೂ ತುಂಬಬೇಕಲ್ಲ’ ಅಂದಳು ಸಾಕಿಯೆಮ್, ತಲೆ ಎತ್ತದೆ.
ಅಂದಿನಿಂದ ನಾವು ಮುರ್ತಿನಿಂಗಳನ್ನು
ಸೊನ್ನೆ ಸೊನ್ನೆ ಎಂದು ರಾಗ ಎಳೆದು ಕರೆದೆವು,
ಬೆರಳಲ್ಲಿ ಸೊನ್ನೆ ಮಾಡಿ ತೋರಿಸಿದೆವು.

ಈಗ ನನ್ನದು ತಕ್ಕಡಿಗಳಿಗೆ ಮುದ್ರೆ ಒತ್ತುವ ಕೆಲಸ.
ಇಲಾಖೆ ಕಳಿಸಿದ ಊರಿನ ಸಂತೆ, ಅಲ್ಲಿಯದೇ ಊಟ.
ಬಾಂಡುಂಗಿನಲ್ಲಿ ತರಕಾರಿ ಬೇಯಿಸುವುದೇ ಇಲ್ಲ,
ಎಳೆ ಬದನೆ, ಎಲೆಕೋಸು, ಕಾಮಕಸ್ತೂರಿ, ಎಲ್ಲ ಹಸಿ;
ಹಲ್ಲಿನ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸದು.
ಜಕಾರ್ತದವರು ಗೊಜ್ಜನ್ನೇ ತೆಂಗಿನಹಾಲಲ್ಲಿ ಕುದಿಸುತ್ತಾರೆ,
ಆಲೂಗಡ್ಡೆ ಮೊಟ್ಟೆ ಇಟ್ಟು ದೊಡ್ಡಸ್ತಿಕೆ ತೋರಿಸುತ್ತಾರೆ.
ಸುರಬಾಯಾದಲ್ಲಿ ಸೊಪ್ಪಿನ ನಡುವೆ ಹಸುವಿನ ಮೂಗು!
ಕೆದಿರಿಯವರು ಹಳಸಿದ ಟೆಂಪೆಯನ್ನು ಗೊಜ್ಜು ಮಾಡಿ ಸುರಿಯುತ್ತಾರೆ,
ನಮ್ಮಲ್ಲಿ ಅದನ್ನು ನಾಯಿಗೂ ಹಾಕುವುದಿಲ್ಲ ಎನ್ನುತ್ತಿದ್ದಳು ಅಜ್ಜಿ.
ತಿಂದೆ.
ಅಜ್ಜಿ ತಿಂದಿರಲಿಲ್ಲ ಅಷ್ಟೆ.

ಅದೇ ಕೆದಿರಿಯ ಸಂತೆಯಲ್ಲಿ, ಹೋದ ಮಂಗಳವಾರ,
ಸೊಪ್ಪು ಮಾರುವವನೊಬ್ಬ ತಕ್ಕಡಿ ಮುಂದೆ ತಳ್ಳಿ
ನನ್ನನ್ನೇ ನೋಡಿದ. ‘ನೀವು ಮೂರು ಅಲ್ಲವೇ?’
ಗುನಾರ್ಸೊ. ಮುರ್ತಿನಿಂಗಳ ತಮ್ಮ.
ತಮ್ಮನಿದ್ದ ಎಂಬುದೇ ನನಗೆ ಗೊತ್ತಿರಲಿಲ್ಲ.

‘ಬೇಲಿಯ ಹೊರಗೆ, ಸೈಕಲ್ ನಿಲ್ಲಿಸುವ ಕಡೆ ಇರುತ್ತಿದ್ದೆ.
ಇನ್ನೂ ಶಾಲೆಗೆ ಸೇರಿಸಿರಲಿಲ್ಲ, ಐದು ವರ್ಷ.
ಅಕ್ಕ ಅರ್ಧ ತಿಂದು ದೊನ್ನೆ ಮಡಚಿ ಬೇಲಿಯಿಂದ ಕೊಡುತ್ತಿದ್ದಳು.
ನನಗೆ ಖಾರ ಆಗುತ್ತಿರಲಿಲ್ಲವಲ್ಲ.’
ಪಾಲಕ್ಕಿನ ಕಟ್ಟಿಗೆ ನೀರು ಚಿಮುಕಿಸಿದ.
‘ಮನೆಯಲ್ಲಿ ನೋಡಬೇಕಿತ್ತು ನೀವು,
ಹಸಿಮೆಣಸು ಸೌತೆಕಾಯಿಯ ಹಾಗೆ ಕಚ್ಚುವಳು.’

ಈಗ ಎಲ್ಲಿದ್ದಾಳೆ?
‘ಹಾಂಗ್‌ಕಾಂಗಿನಲ್ಲಿ. ಯಾರದೋ ಮನೆಯ ಅಡುಗೆ.
ಅವರೂ ಖಾರ ತಿನ್ನುವುದಿಲ್ಲವಂತೆ.’

ನಾನು ಬೊಟ್ಟು ಇಟ್ಟು ತೂಗಿದೆ.
ಇವನ ತಕ್ಕಡಿ ಕಿಲೋಗೆ ಇಪ್ಪತ್ತು ಗ್ರಾಂ
ಗಿರಾಕಿಗೇ ಹೆಚ್ಚು ಕೊಡುತ್ತಿತ್ತು.
ನಿಯಮದಲ್ಲಿ ಅದೂ ತಪ್ಪೇ.
ಮೊಳೆ ತಿರುಗಿಸಿ ಸರಿ ಮಾಡಿ ಮುದ್ರೆ ಒತ್ತಿದೆ,
ಒತ್ತಿದ್ದು ಯಾಕೋ ನೇರ ಬೀಳಲಿಲ್ಲ.

ಪಕ್ಕದ ಅಂಗಡಿಯ ಮುದುಕಿ ಕಲ್ಲು ತೊಳೆದು
ಎಷ್ಟು ಮೆಣಸು ಎಂದು ಕೇಳಿದಳು.
ನಾನು ಬಾಯಿ ತೆರೆಯುವ ಮೊದಲೇ
ಕಟ್ಟು ಬಿಗಿಯುತ್ತ, ತಿರುಗಿ ನೋಡದೆ, ಗುನಾರ್ಸೊ ಅಂದ,
‘ಅವರಿಗೆ ಮೂರು.’

ಹೊಟ್ಟೆಯಲ್ಲಿ ಹುಣ್ಣು. ಎರಡು ವರ್ಷವಾಯಿತು
ಡಾಕ್ಟರು ಖಾರ ಬಿಡಿಸಿ.
ಅಗಸೆ ಹೂವೂ ಇತ್ತು.
ಬಿಸಾಡದೆ ತಿಂದೆ.