ಹುಬ್ಬಿನ ಗೆರಿ

ಝುವಾರಿನಗರದಾಗ ನಂದೊಂದು ಕಟಿಂಗ್ ಅಂಗಡಿ.
ಎರಡು ಕುರ್ಚಿ, ಒಂದರ ಕಾಲು ಕುಂಟು.
ಮ್ಯಾಲೆ ಪತರಾ, ಪತರಾದ ಮ್ಯಾಲೆ ವಿಮಾನ,
ಗಾಳಿ ತಿರುಗಿದ್ರ ಗೊಬ್ಬರದ ಫ್ಯಾಕ್ಟರಿ ವಾಸನಿ.

ಆರು ತಿಂಗಳಿಂದ ಹುಡುಗರಿಗೆ ಒಂದೇ ಕಟಿಂಗು:
ಎಡಕ್ಕ ಬೋಳು, ಬಲಕ್ಕ ಗುಂಗುರು,
ಎಡ ಹುಬ್ಬಿನಾಗ ಬ್ಲೇಡಿನಿಂದ ಒಂದು ಗೆರಿ.
‘ಘಾರ್‌ನಂಗ ಹೊಡಿ ಕಾಕಾ.’
ಘಾರ್ ಅಂದ್ರ ಕೊಂಕಣಿಯೊಳಗ ಹದ್ದು.
ಈ ಹದ್ದಿನ ಹೆಸರು ತನಿಷ್ಕ ವೇರ್ಣೇಕರ, ವಾಸ್ಕೋದಾಂವ,
ಮೊಬೈಲಿನಾಗ ಬಂದೂಕಿನ ಆಟ ಆಡಿ
ಕಾರು ತಗೊಂಡಾನಂತ.
ನಾನು ಅವನ ಆಟ ನೋಡಿಲ್ಲ. ತಲಿ ನೋಡೀನಿ,
ಅರವತ್ತು ಸಲ ಆದ್ರೂ, ಬ್ಯಾರೆ ಬ್ಯಾರೆ ಹೆಗಲ ಮ್ಯಾಲೆ.

ಪಣಜಿಯ ಫೈನಲ್ಲಿನಾಗ ಅಂವಾ ಗೆದ್ದ.
ಸೋತ ಹುಡುಗ, ಕುಂಕಳ್ಳಿಯ ಎಲ್ರಾಯ್, ಕೈ ಚಾಚಿದ.
ಇಂವಾ ತಾನೂ ಚಾಚಿ, ಮುಟ್ಟೂದರೊಳಗ ಎಳಕೊಂಡು
ಅದೇ ಕೈಯಿಂದ ತನ್ನ ಕೂದಲಾ ಬಾಚಿಕೊಂಡ.
ಅಷ್ಟ.
ಎಲ್ರಾಯನ ಕೈ ಇನ್ನಾ ಅಲ್ಲೇ ಇತ್ತು,
ಬಸ್ಸು ಹೋದ ಮ್ಯಾಲೂ ಇಳೀದ ಕೈಯಂಗ.

ಒಂದು ವಾರ ನನ್ನ ಅಂಗಡ್ಯಾಗ ಅದೇ ಆಟ.
ಚಿಲ್ಲರ ಕೊಡಾಕ ಹೋದ್ರ ಕೈ ಎಳಕೊಂಡು
ತಲಿ ಬಾಚಿಕೊಳ್ಳಾವು, ನಗಾವು.
ನಾನೂ ನಕ್ಕೆ. ಯಾಕ ಸುಳ್ಳು ಹೇಳ್ಲಿ.

ಐತವಾರ ಸಂಜಿಕ ಘಾರ್ ಕ್ಷಮಾ ಕೇಳತಾನಂತ ಸುದ್ದಿ ಬಂತು.
ಕುಂಟು ಕುರ್ಚಿ ಮ್ಯಾಲೆ ಮೊಬೈಲು, ಹಿಂದ ಪೌಡರ್ ಡಬ್ಬಿ ಆಸರ,
ಹನ್ನೊಂದು ಮಂದಿ ಉಸುರು ಬಿಗಿ ಹಿಡದು ಕುಂತ್ರು.
ಬಿಳೀ ಗ್ವಾಡಿ. ಕರೀ ಅಂಗಿ.
ಟೊಪಗಿ ಹಾಕ್ಕೊಂಡಿದ್ದ, ಕೂದಲಾ ಕಾಣಲಿಲ್ಲ.
‘ಆವತ್ತು ನನ್ನಿಂದ’ ಅಂದ,
‘ಎಲ್ರಾಯಗ, ಅವನ ಮನಿಯವರಿಗೆ’ ಅಂದ,
ಆಗಲೇ ದಾಬೋಳಿಗೆ ಇಳಿಯೋದೊಂದು ವಿಮಾನ
ಪತರಾ ನಡುಗಿಸಿಕೊಂತ ಹೋತು.
ಸಪ್ಪಳ ತಗ್ಗಿದಾಗ ಅಂವಾ ಕೈ ಮುಗದಿದ್ದ.

‘ಏನಂದ?’
ಮತ್ತ ಹಚ್ಚಿದ್ರು.
‘ಬೇಜಾರ ಆಗಿದ್ದರ, ಅಂದಾನ.’
‘ಆಗಿದ್ದರ? ಆಗಿದ್ದು ನಾವೆಲ್ಲಾ ನೋಡೀವಲ್ಲ!’
ಒಂದು ‘ರ’ಕ್ಕ ಅರ್ಧ ತಾಸು ಜಗಳಾ.
ದುರ್ಗೇಶ ಎದ್ದು ನಿಂತ. ಗೆದ್ದಾಂವ ಯಾಕ ಬಗ್ಗಬೇಕು?
ಅದು ಕಂಪನಿಯವರು ಬರದುಕೊಟ್ಟ ಚೀಟಿ,
ಕಣ್ಣು ನೋಡ್ರಿ, ಎಡದಿಂದ ಬಲಕ್ಕ ಹೊಂಟಾವು.
ಹದ್ದು ಕ್ಷಮಾ ಕೇಳಿದ್ರ ಕೋಳಿಮರಿ ಎಣಿಕಿ ತುಂಬತೈತೇನು
ಅಂದ ಯಲ್ಲಾಲಿಂಗ. ಕುಂಕಳ್ಳಿಗೆ ಎರಡು ಬಸ್ಸು,
ಹೋಗಿ ಕೈ ಕೊಟ್ಟು ಬರಲಿ.
ಖಾಜಾಹುಸೇನ ಮೂಲ್ಯಾಗಿಂದ ಅಂದ:
‘ಚೀಟಿ ಓದಿದ್ರ ಏನಾತು.
ನಮ್ಮಪ್ಪ ಚೀಟಿ ಓದಿಯಾದ್ರೂ
ಅವ್ವಗ ಒಂದು ಸಲ ಹೇಳಿದ್ರ ಸಾಕಿತ್ತು.’
ಯಾರೂ ಏನೂ ಅನಲಿಲ್ಲ.
ಫ್ಯಾನಿಗೆ ಕೂದಲಾ ಹಾರಿ ಗ್ವಾಡಿಗೆ ಕೂಡತಿತ್ತು.

ಎಲ್ಲಾರೂ ಹೋದ ಮ್ಯಾಲೆ ಫಕೀರೇಶ ಬಂದ,
ಹನ್ನೆರಡು ವರ್ಷದಾಂವ, ಅವ್ವನ ಕಾಡಿಗಿ ಡಬ್ಬಿ ಮುಷ್ಟ್ಯಾಗ.
‘ಕಾಕಾ, ಈ ಗೆರಿ ಅಳಸು.’

ಅಲ್ಲಿ ಏನಿಲ್ಲಂತಲೇ ಅದು ಗೆರಿ.
ಇಲ್ಲದ್ದನ್ನ ಹ್ಯಾಂಗ ಅಳಸಲಿ?
ಕಿರುಬೆರಳಿಲೆ ಕಾಡಿಗಿ ತುಂಬಿದೆ.
ಬೆವರಿನ ಕೂಡ ಗಲ್ಲಕ್ಕಿಳೀತು, ಅತ್ತಂಗ ಕಂಡಿತು.
‘ಬೆಳೀಲಿಕ್ಕೆ ಎಷ್ಟು ದಿನ?’
‘ತಿಂಗಳು, ಅದರ ಮ್ಯಾಲೂ ಆದೀತು.
ಹುಬ್ಬು ತಲಿಗಿಂತ ಮೆಲ್ಲಕ.’
‘ಅಲ್ಲೀತನಕ?’
‘ಅಲ್ಲೀತನಕ ಮಂದಿ ಕೇಳತಾರ, ಹೇಳು.’
‘ಏನಂತ?’
ಇನ್ನೊಂದು ವಿಮಾನ ಬಂದೀತೇನೋ ಅಂತ ಕಾದೆ.
ಬರಲಿಲ್ಲ.

ದುಡ್ಡು ಬ್ಯಾಡ ಅಂದ್ರ ಕೇಳಲಿಲ್ಲ, ಹತ್ತು ರೂಪಾಯಿ ಇಟ್ಟ.
ಐದು ತಿರುಗಿ ಕೊಡಾಕ ಕೈ ಚಾಚಿದೆ.
ಅವನ ಕೈ ಬಂತು. ನಡುವ ನಿಂತಿತು.
ರೂಢಿ.
ನಂದೂ ಒಂದು ಗೇಣು ಹಿಂದ ಸರದಿತ್ತು.
ನಾಣ್ಯ ಬಿದ್ದು ನೆಲದ ಕೂದಲಾಗ ಮುಚ್ಚಿ ಹೋತು,
ಯಾರ್ಯಾರದೋ ಕೂದಲಾ, ಘಾರ್‌ನಂಗ ಕತ್ತರಿಸಿದ್ದು.
ಇಬ್ಬರೂ ಬಗ್ಗಿ ಹುಡುಕಾಕ ಕುಂತ್ವಿ.